ಯಾವ ಕೋಶ ರೋಮವಾಗುತ್ತದೆ?

ಪೀಣ್ಯದ ಕಾರ್ಖಾನೆಗಳ ಮಗ್ಗುಲಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಪ್ರಯೋಗ ತರಗತಿ ನಡೆಸುತ್ತೇನೆ. ಭತ್ತ, ಗೋಧಿ, ಮುಸುಕಿನ ಜೋಳದ ಬೇರುರೋಮ ನೋಡುತ್ತ ಕಲಿತದ್ದು ಇಷ್ಟು.

1. ಬೇರನ್ನು ನೀರಲ್ಲಿ ಮುಳುಗಿಸಬೇಡಿ

ಮೊದಲು ಮುಸುಕಿನ ಜೋಳದ ಬೇರನ್ನು ಲೋಟದ ನೀರಿಗೆ ಇಳಿಬಿಡುತ್ತಿದ್ದೆ. ನುಣ್ಣನೆ ಬೇರು, ರೋಮದ ಸುಳಿವೇ ಇಲ್ಲ. ಬೀಜವನ್ನೇ ದೂರಿದೆ. ಮುಚ್ಚಿದ ಡಬ್ಬಿಯೊಳಗೆ, ಒದ್ದೆ ಕಾಗದದ ಮೇಲೆ ಬೆಳೆಸಿದಾಗ ಅದೇ ಬೀಜದ ಬೇರಿಗೆ ಬಿಳಿ ನವಿರು ದಟ್ಟವಾಗಿ ಬಂತು.

2. ರೋಮ ಎದ್ದಿರುವ ಕಡೆ ಉತ್ತರ ಸಿಗುವುದಿಲ್ಲ

ರೋಮ ದಟ್ಟವಾಗಿರುವ ಭಾಗವನ್ನೇ ಬಹಳ ಕಾಲ ನೋಡಿದೆ. ಚಿತ್ರ ಚೆಂದ ಬರುತ್ತಿತ್ತು, ತಿಳಿಯುತ್ತಿದ್ದುದು ಕಡಿಮೆ. ಯಾವ ಕೋಶ ರೋಮವಾಗಬೇಕೆಂಬುದು ಅದಕ್ಕಿಂತ ಕೆಳಗೆ, ಬೇರಿನ ತುದಿಯ ಹತ್ತಿರ ಕೋಶಗಳು ವಿಭಜಿಸುವಲ್ಲಿಯೇ ತೀರ್ಮಾನವಾಗಿರುತ್ತದೆ. ಭತ್ತದ ಹೊರಪದರದಲ್ಲಿ ಒಂದು ಕೋಶ ಅಸಮವಾಗಿ ಎರಡಾಗುತ್ತದೆ. ತುದಿಯ ಕಡೆಗಿರುವ ಗಿಡ್ಡ ಕೋಶ ರೋಮವಾಗುತ್ತದೆ, ಉದ್ದನೆಯದು ಹಾಗೇ ಉಳಿಯುತ್ತದೆ. ಸಂಶೋಧಕರಾದ ಕಿಮ್ ಮತ್ತು ಡೋಲನ್ 2011ರಲ್ಲಿ ಭತ್ತ ಮತ್ತು ಬ್ರಾಕಿಪೋಡಿಯಂ ಹುಲ್ಲಿನಲ್ಲಿ ತೋರಿಸಿದ್ದು ಇದನ್ನೇ. ಮುಂದೆ ಗಿಡ್ಡ ಕೋಶದ ಹೊರಗೋಡೆ ಉಬ್ಬುತ್ತದೆ. ಆ ಉಬ್ಬಿನ ತುದಿಗೆ ಮಾತ್ರ ಹೊಸ ಗೋಡೆ ಸೇರುತ್ತ ಕೊಳವೆಯಂತೆ ನೀಳವಾಗುತ್ತದೆ. ಅಷ್ಟುದ್ದದ ರೋಮ ಒಂದೇ ಒಂದು ಜೀವಕೋಶ. ನನಗೆ ಇವತ್ತಿಗೂ ಬೆರಗು.

3. ಒಂದು ಗಿಡದ ನಿಯಮ ಇನ್ನೊಂದಕ್ಕೆ ಹೊಂದದು

ಸಾಸಿವೆ ಕುಟುಂಬದ ಅರಬಿಡಾಪ್ಸಿಸ್‌ನಲ್ಲಿ, ಒಳಪದರದ ಎರಡು ಕೋಶಗಳು ಕೂಡುವ ಸಂದಿನ ಮೇಲಿರುವ ಕೋಶಕ್ಕೆ ರೋಮ ಬರುತ್ತದೆ. ಭತ್ತದ ಬೇರನ್ನು ಅಡ್ಡಕ್ಕೆ ಕೊಯ್ದು ಅದೇ ಸಂದನ್ನು ಹುಡುಕಿದೆ, ಮಕ್ಕಳಿಂದಲೂ ಹುಡುಕಿಸಿದೆ. ಅಲ್ಲಿ ಆ ನಿಯಮವೇ ಇಲ್ಲ. ಮುಸುಕಿನ ಜೋಳದಲ್ಲಂತೂ ಗಿಡ್ಡ-ಉದ್ದದ ಜೋಡಿಯೂ ಕಾಣುವುದಿಲ್ಲ. ಎಳೆಯ ಕೋಶಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ.

4. ಗಿಡ ಕಿತ್ತರೆ ರೋಮ ಮಣ್ಣಿನಲ್ಲೇ ಉಳಿಯುತ್ತದೆ

ಹೊಸಕೋಟೆ ಕಡೆಯಿಂದ ಕಿತ್ತು ತಂದ ರಾಗಿ ಪೈರನ್ನು ಝಾಡಿಸಿ ತೊಳೆದು, ಇದಕ್ಕೆ ರೋಮ ಕಡಿಮೆ ಎಂದು ತರಗತಿಯಲ್ಲಿ ಹೇಳಿಬಿಟ್ಟಿದ್ದೆ. ರೋಮ ಹರಿದದ್ದು ನನ್ನ ಕೈಯಿಂದ. ಅಸಲಿಗೆ ಇಲ್ಲಿನ ಗಿಡಕ್ಕೆ ರೋಮ ಬೇಕೇ ಬೇಕು. ನಮ್ಮ ಕೆಮ್ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಹಿಡಿದಿಡುತ್ತವೆ. ಅದು ಬೇರಿನತ್ತ ಹರಿದು ಬರುವುದಿಲ್ಲ, ರೋಮವೇ ಅದಿರುವಲ್ಲಿಗೆ ಚಾಚಬೇಕು. ರೋಮ ಸರಿಯಾಗಿ ನೀಳವಾಗದ ಆರ್‌ಟಿಎಚ್3 ಎಂಬ ರೂಪಾಂತರಿ ಮುಸುಕಿನ ಜೋಳದ ಗಿಡ ಹೊಲದಲ್ಲಿ ನೋಡಲು ಮಾಮೂಲಿಯಾಗಿಯೇ ಇರುತ್ತದೆ, ಕಾಳಿನ ಇಳುವರಿ ಮಾತ್ರ ತಗ್ಗುತ್ತದೆ. ಈಗ ರಾಗಿ ಬುಡವನ್ನು ಹೆಂಟೆ ಸಮೇತ ಅಗೆದು ತಂದು, ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಮಣ್ಣು ಕರಗಿದ ಮೇಲಷ್ಟೇ ಬೇರು ಮುಟ್ಟುತ್ತೇವೆ.