ನಾಲ್ಕು ವರ್ಷ ಕಾದು ಒಂದು ಚಾಕು

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಊರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಹದಿನೆಂಟು ವರ್ಷದಿಂದ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿದ್ದೇನೆ. 2020ರಲ್ಲಿ ಎಲ್ಲರೂ ಮನೆಯೊಳಗೇ ಕೂತಾಗ ನನಗೆ ಅಡುಗೆಯ ಹುಚ್ಚು ಹತ್ತಿತು. ಈಗ ರಾತ್ರಿ ಅಡುಗೆ ಪೂರ್ತಿ ನನ್ನದೇ. ನಮ್ಮಲ್ಲಿಂದ ಎರಡು ತಾಸಿನ ದಾರಿಯಲ್ಲಿ ಒಬ್ಬರು ಕೈಯಲ್ಲೇ ಬಡಿದು ಚಾಕು ಮಾಡುತ್ತಾರೆ. ಹೋದ ವರ್ಷ ಒಂದು ಮೇಳದಲ್ಲಿ ಅವರ ಚಾಕು ಕೈಯಲ್ಲಿ ಹಿಡಿದು ಒಂದು ಕ್ಯಾರೆಟ್ ಹೆಚ್ಚಿದೆ. ಆವತ್ತಿನಿಂದ ತಲೆಯಲ್ಲಿ ಅದೇ. ಹೆಸರು ಬರೆಸಿದರೆ ನಾಲ್ಕು ವರ್ಷ ಕಾಯಬೇಕು. ಮುಂಗಡ 300 ಡಾಲರ್, ಅದು ವಾಪಸ್ ಬರುವುದಿಲ್ಲ. ಒಟ್ಟು 1,100 ಡಾಲರ್ ಆದೀತು. ಈ ತಿಂಗಳ ಕೊನೆಗೆ ಪಟ್ಟಿ ಮುಚ್ಚುತ್ತಾರಂತೆ.

ಹೆಂಡತಿಗೆ ಹೇಳಿದೆ. ‘ಮಿಕ್ಸಿ ಕೆಟ್ಟು ಆರು ತಿಂಗಳಾಯ್ತು, ಅದಕ್ಕೆ ಪುರುಸೊತ್ತಿಲ್ಲ. ಸೌತೆಕಾಯಿ ಹೆಚ್ಚೋಕೆ ನಾಲ್ಕು ವರ್ಷ ಕಾಯ್ತೀರಾ?’ ಅಂದಳು. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ‘ನಮ್ಮೂರ ಆಚಾರಿ ಲಾರಿ ಪ್ಲೇಟಿನಲ್ಲಿ ಎರಡು ದಿನಕ್ಕೆ ಮಾಡಿಕೊಡ್ತಿದ್ದನಲ್ಲೋ’ ಅಂತ ನಕ್ಕರು. ನನ್ನ ಓದಿಗೆ ಅಪ್ಪ ಪಟ್ಟ ಕಷ್ಟ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಬಿಟ್ಟುಬಿಡೋಣ ಅಂದರೆ ಮನಸ್ಸು ಒಪ್ಪುವುದಿಲ್ಲ. ಏನು ಮಾಡಲಿ?

— ವಿ.ಎಸ್.

ಉತ್ತರ: ವಿ.ಎಸ್. ಅವರೇ, ನಿಮ್ಮ ತಂದೆಯವರು ನಕ್ಕರೂ ಅವರ ಮಾತು ತಮಾಷೆಯದಲ್ಲ. ಅಮೆರಿಕದ ಚಾಕು ಕಮ್ಮಾರರು 5160 ಎಂದು ಕರೆಯುವ ಒಂದು ಉಕ್ಕಿದೆ. ಅದು ಸ್ಪ್ರಿಂಗ್ ಉಕ್ಕು, ಲಾರಿ ಪ್ಲೇಟಿನ ಜಾತಿಯದೇ. ಅಲ್ಲಿ ಹೊಸದಾಗಿ ಕಸುಬು ಕಲಿಯುವ ಎಷ್ಟೋ ಜನ ಕೈ ಕುದುರಿಸಿಕೊಳ್ಳುವುದು ಅದರ ಮೇಲೆಯೇ. ನಿಮ್ಮೂರ ಆಚಾರಿಗೂ ನಿಮ್ಮ ಮನಸ್ಸು ಕದ್ದ ಆ ಕಮ್ಮಾರನಿಗೂ ನಡುವೆ ನೀವು ಅಂದುಕೊಂಡಷ್ಟು ದೂರವಿಲ್ಲ. ವ್ಯತ್ಯಾಸವಿರುವುದು ಹದ ಹಾಕುವುದರಲ್ಲಿ ಮತ್ತು ಅಲಗನ್ನು ಎಷ್ಟು ತೆಳುವಾಗಿ ಇಳಿಸುತ್ತಾರೆ ಎನ್ನುವುದರಲ್ಲಿ. ಅಲಗನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಅದು ಗಾಜಿನಷ್ಟು ಗಡುಸಾಗುತ್ತದೆ, ಗಾಜಿನಷ್ಟೇ ಸುಲಭಕ್ಕೆ ಒಡೆಯುತ್ತದೆ. ಆಮೇಲೆ 200 ಡಿಗ್ರಿಯ ಆಸುಪಾಸಿನಲ್ಲಿ ತಾಸುಗಟ್ಟಲೆ ಇಟ್ಟು ಆ ಗಡುಸನ್ನು ಬೇಕಾದಷ್ಟೇ ಇಳಿಸಬೇಕು. ಹತ್ತಿಪ್ಪತ್ತು ಡಿಗ್ರಿ ಆಚೀಚೆಯಾದರೂ ಚಾಕುವಿನ ಗುಣ ಬೇರೆಯಾಗುತ್ತದೆ. ಕತ್ತಿಗೆ ಬೇಕಾದ ಹದ ಆಚಾರಿಗೆ ಕೆಂಡದ ಬಣ್ಣದಲ್ಲೇ ಗೊತ್ತಾಗುತ್ತಿತ್ತು. ಅಡುಗೆಯ ತೆಳು ಚಾಕುವಿಗೆ ಹಾಗೆ ಕಣ್ಣಂದಾಜು ಸಾಲುವುದಿಲ್ಲ. ಹೀಗಾಗಿ ನೀವು ಇಷ್ಟಪಟ್ಟ ಚಾಕುವಿಗೆ ಬೆಲೆ ಹೆಚ್ಚಾದದ್ದರಲ್ಲಿ ಮೋಸವೇನೂ ಇಲ್ಲ. ದಿನವೂ ಹಿಡಿಯುವ ಸಾಮಾನಿಗೆ ದುಡಿದ ದುಡ್ಡು ಹಾಕುವುದರಲ್ಲಿ ನಾಚಿಕೆಯೂ ಇಲ್ಲ. ನಿಮ್ಮ ತಂದೆ ಆಚಾರಿಯ ಹತ್ತಿರ ಹೇಳಿ ಮಾಡಿಸಿದ್ದು ಕೂಡ ಅದೇ ಕಾರಣಕ್ಕಲ್ಲವೇ? ಅಂಗಡಿಯ ಕತ್ತಿ ಅವರ ಕೈಗೆ ಕೂರುತ್ತಿರಲಿಲ್ಲ.

ಅಪ್ಪನ ಕಷ್ಟವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮಿಕ್ಸಿಯನ್ನು ಮಾತ್ರ ಸೇರಿಸಲೇಬೇಕು.

ನಿಮ್ಮ ಮನೆಯವರು ಚಾಕು ಬೇಡ ಎಂದರು ಎಂದು ನೀವು ತಿಳಿದಿದ್ದೀರಿ. ಅವರ ಮಾತನ್ನು ನೀವೇ ಬರೆದಿದ್ದೀರಿ, ಇನ್ನೊಂದು ಸಲ ಓದಿ. ಆರು ತಿಂಗಳಿಂದ ಆ ಮನೆಯಲ್ಲಿ ಚಟ್ನಿ, ದೋಸೆ ಹಿಟ್ಟು, ಹುಳಿಯ ಮಸಾಲೆ ಹೇಗೆ ರುಬ್ಬಿಕೊಳ್ಳುತ್ತಿದ್ದಾರೆ? ರಾತ್ರಿ ಅಡುಗೆ ನಿಮ್ಮದು ಸರಿ, ಬೆಳಿಗ್ಗೆಯ ತಿಂಡಿ ಯಾರದ್ದು? ನಿಮ್ಮ ಇಷ್ಟಕ್ಕೆ ನಾಲ್ಕು ವರ್ಷದ ತಾಳ್ಮೆ ಇದೆ, ನನ್ನ ಅಗತ್ಯಕ್ಕೆ ಒಂದು ಶನಿವಾರ ಇಲ್ಲ ಎನ್ನುವ ನೋವು ಆ ಮಾತಿನಲ್ಲಿದೆ. ಈ ವಾರವೇ ಮಿಕ್ಸಿ ರಿಪೇರಿ ಮಾಡಿಸಿ, ಇಲ್ಲವೇ ಹೊಸದು ತನ್ನಿ. ಚಾಕುವಿಗೆ ಒಪ್ಪಿಗೆ ಪಡೆಯುವ ಉಪಾಯವಾಗಿ ಬೇಡ. ಅದು ಆರು ತಿಂಗಳ ಹಿಂದೆಯೇ ಆಗಬೇಕಿತ್ತು.

ಇನ್ನು ಪಟ್ಟಿಯ ಮಾತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಈ ತಿಂಗಳು ಹೆಸರು ಬರೆಸಬೇಡಿ. ಚಾಕು ದುಬಾರಿ ಎಂದಲ್ಲ, ಕಾಯುವುದು ತಪ್ಪೆಂದೂ ಅಲ್ಲ. ಆ ಕಮ್ಮಾರ ಕೇಳುವ ಪ್ರಶ್ನೆಗಳಿಗೆ ನಿಮ್ಮ ಹತ್ತಿರ ಇನ್ನೂ ಉತ್ತರವಿಲ್ಲ.

ಕಸುಬು ಗೊತ್ತಿರುವ ಯಾರೇ ಆದರೂ ಕೆಲಸಕ್ಕೆ ಕೈಹಾಕುವ ಮುಂಚೆ ಕೇಳುವುದು ಇವು: ಅಲಗು 180 ಮಿಲಿಮೀಟರ್ ಇರಲೋ, 210 ಇರಲೋ, 240 ಬೇಕೋ? ಹಿಡಿಯ ಹತ್ತಿರ ಅಲಗಿನ ಅಗಲ ಎಷ್ಟಿರಲಿ? ಬೆನ್ನು ಎಷ್ಟು ದಪ್ಪ? ನೀವು ಹಿಡಿಯನ್ನೇ ಹಿಡಿಯುತ್ತೀರೋ, ಅಲಗಿನ ಬುಡವನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಚಿಮಟದ ಹಾಗೆ ಹಿಡಿಯುತ್ತೀರೋ? ಚಾಕುವಿನ ತುದಿಯನ್ನು ಮಣೆಗೆ ಊರಿ ತೂಗುತ್ತಾ ಹೆಚ್ಚುತ್ತೀರೋ, ಮುಂದಕ್ಕೆ ತಳ್ಳಿ ಹೆಚ್ಚುತ್ತೀರೋ? ತೂಗಿ ಹೆಚ್ಚುವವರಿಗೆ ಅಲಗಿನ ಹೊಟ್ಟೆ ಬಾಗಿರಬೇಕು. ತಳ್ಳಿ ಹೆಚ್ಚುವವರಿಗೆ ಅದು ಹೆಚ್ಚುಕಡಿಮೆ ನೇರ ಇರಬೇಕು, ಜಪಾನಿನಲ್ಲಿ ತರಕಾರಿಗೆಂದೇ ಮಾಡುವ ನಕಿರಿ ಚಾಕುವಿನ ಹಾಗೆ.

ಇಲ್ಲಿ ಇನ್ನೊಂದು ವಿಷಯವಿದೆ. ನೀವು ಮಲೆನಾಡಿನವರು, ಮೆಟ್ಟುಗತ್ತಿ ನೋಡಿ ಬೆಳೆದವರು. ನನ್ನ ತವರೂ ಆ ಕಡೆಯದೇ. ಮೆಟ್ಟುಗತ್ತಿಯಲ್ಲಿ ಅಲಗು ನಿಂತಿರುತ್ತದೆ, ಓಡಾಡುವುದು ತರಕಾರಿ. ಅಮ್ಮ ಒಂದು ಕಾಲಲ್ಲಿ ಮಣೆ ಮೆಟ್ಟಿಕೊಂಡು ಬಾಳೆಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತುತ್ತಿದ್ದಳು. ಹೋಳುಗಳು ಕೆಳಗಿನ ಮಜ್ಜಿಗೆ ನೀರಿನ ಪಾತ್ರೆಗೆ ಬೀಳುತ್ತಿದ್ದವು. ಬಾಳೆಕಾಯಿಯ ಸೊನೆ ತಾಗಿ ಅಲಗು ಕಪ್ಪಾಗುತ್ತಿತ್ತು. ಹೆಚ್ಚಿ ಮುಗಿದ ಕೂಡಲೇ ಅದನ್ನು ತೊಳೆದು, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಗೋಡೆಗೆ ಒರಗಿಸದಿದ್ದರೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು. ಕೈಯಲ್ಲಿ ಬಡಿದ ಚಾಕುಗಳಲ್ಲಿ ಬಹಳಷ್ಟು ಇದೇ ಕಾರ್ಬನ್ ಉಕ್ಕಿನವು. ಹುಣಸೆ ಹುಳಿ, ನಿಂಬೆ, ಈರುಳ್ಳಿ ತಾಗಿದರೆ ಬಣ್ಣ ತಿರುಗುತ್ತದೆ. ಒಗ್ಗರಣೆ ಹಾಕಿ ಬರುತ್ತೇನೆ ಅಂತ ಒದ್ದೆ ಬಿಟ್ಟುಹೋದರೆ ತುಕ್ಕು ಹಿಡಿಯುತ್ತದೆ. ಡಿಷ್‌ವಾಷರ್‌ಗೆ ಹಾಕುವಂತೆಯೇ ಇಲ್ಲ. ಗಡುಸು ಹೆಚ್ಚಿ ಅಲಗು ತೆಳುವಾದಷ್ಟೂ ಅಂಚು ಚಕ್ಕೆ ಏಳುವ ಭಯ. ಗಟ್ಟಿ ಸಿಹಿಗುಂಬಳಕ್ಕೆ ಹೊಡೆದು ಚಾಕುವನ್ನು ಪಕ್ಕಕ್ಕೆ ಹೊರಳಿಸಿದಿರೋ, ಹೋಯಿತು. ತೆಂಗಿನಕಾಯಿಯ ಹತ್ತಿರ ಅದನ್ನು ತರಲೇಬಾರದು. ನಿಮ್ಮ ಅಡುಗೆಮನೆಯಲ್ಲಿ ಎರಡು ಕೈಗಳಲ್ಲ, ನಾಲ್ಕು ಕೈಗಳಿವೆ. ನಿಮ್ಮ ಮನೆಯವರೂ ಒಪ್ಪಿ ಜೋಪಾನ ಮಾಡುವಂಥ ಚಾಕು ಆಗಬೇಕು, ಇಲ್ಲವೇ ‘ಇದನ್ನು ನೀನು ಮುಟ್ಟಬೇಡ’ ಎನ್ನುವ ಸಾಮಾನೊಂದು ಮನೆ ಸೇರುತ್ತದೆ.

ಈ ಪ್ರಶ್ನೆಗಳಿಗೆ ಉತ್ತರ ಮೇಳದಲ್ಲಿ ಒಂದು ಕ್ಯಾರೆಟ್ ಹೆಚ್ಚಿದ್ದರಿಂದ ಸಿಗುವುದಿಲ್ಲ. ಒಂದು ಮಾಮೂಲಿ ಚಾಕುವನ್ನು ವರ್ಷಗಟ್ಟಲೆ ಸವೆಸಿದ ಕೈಗೆ ಮಾತ್ರ ಗೊತ್ತಿರುತ್ತದೆ. ನಿಮ್ಮ ಕಾಗದದಲ್ಲಿ ಆ ಕಮ್ಮಾರನ ಚಾಕುವಿನ ಬಗ್ಗೆ ಎಷ್ಟೆಲ್ಲ ಇದೆ, ಈಗ ದಿನವೂ ಹಿಡಿಯುತ್ತಿರುವ ಚಾಕುವಿನ ಬಗ್ಗೆ ಒಂದು ಮಾತೂ ಇಲ್ಲ. ಅದಕ್ಕೆ ಕೊನೆಯ ಸಲ ಸಾಣೆ ಹಿಡಿದದ್ದು ಯಾವಾಗ?

ಇದನ್ನು ಇಷ್ಟು ಒತ್ತಿ ಕೇಳಲು ಒಂದು ಕಾರಣವಿದೆ. ನಲವತ್ತರ ಹರೆಯದಲ್ಲಿ ನಾನು ವೀಣೆ ಕಲಿಯುತ್ತಿದ್ದೆ, ಗುರುಗಳ ಮನೆಯ ಹಳೆಯ ವೀಣೆಯ ಮೇಲೆ. ಆಗ ಒಳ್ಳೆಯ ಹಲಸಿನ ಮರದ ವೀಣೆಯೊಂದಕ್ಕೆ ಮುಂಗಡ ಕೊಟ್ಟು ಹದಿನಾಲ್ಕು ತಿಂಗಳು ಕಾದೆ. ಮಾಡಿದವರದು ಏನೇನೂ ತಪ್ಪಿಲ್ಲ, ಹೇಳಿದ ತಿಂಗಳಿಗೇ ಕೊಟ್ಟರು. ಆದರೆ ಆ ಹದಿನಾಲ್ಕು ತಿಂಗಳಲ್ಲಿ ನನ್ನ ಅಭ್ಯಾಸ ನಿಂತುಹೋಗಿತ್ತು. ಹೊಸ ವೀಣೆ ಬಂದ ಮೇಲೆ ಸರಿಯಾಗಿ ಕೂರೋಣ ಎನ್ನುತ್ತಾ ಒಂದೊಂದೇ ಪಾಠ ಬಿಟ್ಟೆ. ವೀಣೆ ಮನೆಗೆ ಬಂದ ದಿನ ನನ್ನ ಬೆರಳ ತುದಿಯ ಜಡ್ಡು ಪೂರಾ ಹೋಗಿ ಚರ್ಮ ಮೆತ್ತಗಾಗಿತ್ತು. ಮತ್ತೆ ಹಿಡಿಯಲು ಆಗಲೇ ಇಲ್ಲ. ಈಗ ತಂಗಿಯ ಮಗಳು ನುಡಿಸುತ್ತಾಳೆ, ಕೇಳಿದಾಗ ಸಂತೋಷವೂ ಆಗುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಕಾಯುವ ವರ್ಷಗಳಲ್ಲಿ ನಿಮ್ಮ ಅಡುಗೆಯೂ ಹಾಗೆ ‘ಚಾಕು ಬಂದ ಮೇಲೆ’ ಎಂದು ಮುಂದೆ ಬೀಳಬಾರದು.

ಆದ್ದರಿಂದ ಹೀಗೆ ಮಾಡಿ. ಜಪಾನಿನ ಕಾರ್ಬನ್ ಉಕ್ಕಿನ ಸಾದಾ ಚಾಕು ನಿಮ್ಮಲ್ಲಿ 150 ಡಾಲರ್ ಒಳಗೇ ಸಿಗುತ್ತದೆ. ಜಪಾನಿನ ಸಕಾಯಿ ಊರಿನಲ್ಲಿ ಬಡಿಯುವವರು ಒಬ್ಬರು, ಸಾಣೆ ಹಿಡಿಯುವವರು ಒಬ್ಬರು, ಹಿಡಿ ಕೂರಿಸುವವರು ಇನ್ನೊಬ್ಬರು. ಹಾಗೆ ಹಂಚಿಕೊಂಡು ದುಡಿಯುವುದರಿಂದ ಒಬ್ಬೊಬ್ಬರ ಕೈಯೂ ತಮ್ಮ ಕೆಲಸದಲ್ಲಿ ಪಳಗಿರುತ್ತದೆ. ಅದರ ಜೊತೆಗೆ 1000 ನಂಬರಿನ ಒಂದು ಸಾಣೆಕಲ್ಲು ಕೊಳ್ಳಿ. ಮರದ ಮಣೆ ಇಲ್ಲದಿದ್ದರೆ ಅದೂ ಬೇಕು. ಗಾಜಿನ ಮಣೆಯ ಮೇಲೆ ಯಾವ ಅಲಗೂ ಉಳಿಯುವುದಿಲ್ಲ. ಕಲ್ಲಿಗೆ ನೀರು ಹಾಕಿ, ಹದಿನೈದು ಡಿಗ್ರಿಯಷ್ಟು ಓರೆಯಾಗಿ ಹಿಡಿದು, ಒಂದೇ ಬದಿಯನ್ನು ಉಜ್ಜುತ್ತಾ ಹೋಗಿ. ಒಂದು ಹಂತದಲ್ಲಿ ಕೂದಲೆಳೆಯಷ್ಟು ಉಕ್ಕು ಇನ್ನೊಂದು ಬದಿಗೆ ಮಡಚಿಕೊಂಡು ಬೆರಳಿಗೆ ಚುರುಕಾಗಿ ತಾಗುತ್ತದೆ. ಆಗ ಮಗ್ಗುಲು ಬದಲಿಸಬೇಕು. ಮೊದಲ ಹತ್ತು ಸಲ ಕೆಡಿಸುತ್ತೀರಿ, ಪರವಾಗಿಲ್ಲ. ಹನ್ನೊಂದನೆಯ ಸಲ ಚೆನ್ನಾಗಿ ಹಣ್ಣಾದ ಟೊಮೆಟೊದ ಮೇಲೆ ಚಾಕುವನ್ನು ಅದರ ಭಾರಕ್ಕೇ ಬಿಟ್ಟು ಎಳೆಯಿರಿ, ಸಿಪ್ಪೆ ತಾನಾಗಿ ತೆರೆದುಕೊಳ್ಳುತ್ತದೆ. ಒಂದು ವರ್ಷ ದಿನವೂ ಇದನ್ನೇ ಬಳಸಿ. ಕೋಸಂಬರಿಗೆ ಸೌತೆಕಾಯಿ ಕೊಚ್ಚುವಾಗ ಅಲಗು ಗಿಡ್ಡ ಅನ್ನಿಸಿತೇ? ಬಾಳೆದಿಂಡು ಬಿಲ್ಲೆ ಹೆಚ್ಚುವಾಗ ಬೆನ್ನು ಬೆರಳಿಗೆ ಒತ್ತಿತೇ? ಅನ್ನಿಸಿದ್ದನ್ನು ಅಂದಂದೇ ಬರೆದಿಡಿ. ವರ್ಷದ ಕೊನೆಗೆ ಆ ಬರಹವೇ ನಿಮ್ಮ ಆರ್ಡರ್. ಬರೆಯಲು ಏನೂ ಸಿಗದಿದ್ದರೆ, ಕೈಯಲ್ಲಿರುವ ಚಾಕುವೇ ನಿಮ್ಮ ಚಾಕು ಎಂದು ತಿಳಿಯಿರಿ.

ಪಟ್ಟಿ ಮುಚ್ಚಿಹೋದರೆ ಎಂಬ ಭಯ ನಿಮಗಿದೆ. ಮುಚ್ಚಿದ ಪಟ್ಟಿ ಮತ್ತೆ ತೆರೆಯಬಹುದು, ತೆರೆಯದೆಯೂ ಹೋಗಬಹುದು. ವಾಷಿಂಗ್ಟನ್ ರಾಜ್ಯದ ಬಾಬ್ ಕ್ರೇಮರ್ ಅವರ ಕಥೆ ನೋಡಿ. ಅವರು ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದು, ಆಮೇಲೆ ಬೇರೆಯವರ ಚಾಕುಗಳಿಗೆ ಸಾಣೆ ಹಿಡಿದು, ಕೊನೆಗೆ ಚಾಕು ಬಡಿಯಲು ಕಲಿತವರು. ಬೇಡಿಕೆ ಮಿತಿಮೀರಿದ ಮೇಲೆ ಚೀಟಿ ಎತ್ತಿಯೋ ಹರಾಜು ಹಾಕಿಯೋ ಚಾಕು ಕೊಡುವ ಹಾಗಾಯಿತು. ಅವರು ಅಂತೋಣಿ ಬೋರ್ಡೇನ್ ಎಂಬ ಪ್ರಸಿದ್ಧ ಬಾಣಸಿಗನಿಗೆ ಮಾಡಿಕೊಟ್ಟಿದ್ದ ಒಂದು ಚಾಕು, ಆತ ತೀರಿಹೋದ ಮೇಲೆ 2019ರ ಹರಾಜಿನಲ್ಲಿ 2,31,250 ಡಾಲರಿಗೆ ಹೋಯಿತು. ಇಂಥ ಸುದ್ದಿ ಕೇಳಿ ‘ಮುಂದೆ ಬೆಲೆ ಬರುತ್ತದೆ’ ಎಂಬ ಆಸೆ ನಿಮ್ಮ ಲೆಕ್ಕದೊಳಗೆ ನುಸುಳಿದ್ದರೆ ಅದನ್ನು ತೆಗೆದುಹಾಕಿ. ಅದು ಸತ್ತವರ ಹೆಸರಿಗೆ ಬಂದ ಬೆಲೆ. ನಿಮ್ಮದು ದಿನವೂ ಹೆಚ್ಚುವ ಚಾಕು.

ನಿಜವಾಗಿ ಬೇಕಿರುವುದು ಚಾಕುವೋ ಪಟ್ಟಿಯಲ್ಲಿ ಒಂದು ಜಾಗವೋ ಎಂದು ತಿಳಿಯಲು ಒಂದು ದಾರಿಯಿದೆ. ಫ್ಲಾರಿಡಾದ ಆರ್ಲಾಂಡೊದಲ್ಲಿ ಬೋ ರಾಂಡಲ್ ಎಂಬವರು 1930ರ ದಶಕದಲ್ಲಿ ಶುರುಮಾಡಿದ ಕುಲುಮೆಗೆ ಇವತ್ತಿಗೂ ವರ್ಷಗಟ್ಟಲೆ ಪಟ್ಟಿ. ಅದೇ ಚಾಕು ಕೆಲವು ವ್ಯಾಪಾರಿಗಳ ಹತ್ತಿರ ಹೆಚ್ಚು ಬೆಲೆಗೆ ಕೂಡಲೇ ಸಿಗುತ್ತದೆ. ಹಾಗೆ ನಿಮ್ಮ ಕಮ್ಮಾರನ ಚಾಕುವನ್ನು ಯಾರಾದರೂ ನಾಳೆಯೇ ತಂದು, ಕಾಯುವ ಮಾತೇ ಇಲ್ಲ, 1,100 ಡಾಲರ್ ಕೊಡಿ ಅಂದರೆ ಕೊಡುತ್ತೀರಾ? ಮನಸ್ಸು ತಟ್ಟನೆ ಹೌದು ಅನ್ನದೆ ತಡವರಿಸಿದರೆ, ನಿಮ್ಮನ್ನು ಕಾಡುತ್ತಿರುವುದು ಈ ತಿಂಗಳ ಗಡುವು.

ವರ್ಷದ ನಂತರವೂ ಅದೇ ಚಾಕು ಬೇಕು ಅನ್ನಿಸಿದರೆ ಧೈರ್ಯವಾಗಿ ಹೆಸರು ಬರೆಸಿ. ಎರಡು ತಾಸಿನ ದಾರಿ ತಾನೇ, ಇಬ್ಬರೂ ಹೋಗಿ ಬನ್ನಿ. ಬೆಲೆ ಇಂದಿನದೋ ಕೊಡುವ ದಿನದ್ದೋ, ನಡುವೆ ಅವರಿಗೆ ಕಾಯಿಲೆಯಾದರೆ ಮುಂಗಡ ಏನಾಗುತ್ತದೆ, ನಿಮ್ಮ ಸರದಿ ಬಂದಾಗ ಅಳತೆ ಬದಲಿಸಬಹುದೇ ಎಂದು ಬಾಯಿಬಿಟ್ಟು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಹದ ಹಾಕಿದ ಅಲಗುಗಳನ್ನು ಹೇಗೆ ಪರೀಕ್ಷೆ ಮಾಡುತ್ತೀರಿ ಎಂದೂ ಕೇಳಿ. 1976ರಲ್ಲಿ ಹುಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆಯಲ್ಲಿ ಕಮ್ಮಾರ ತಾನೇ ಮಾಡಿದ ಚಾಕುವಿನಿಂದ ತೂಗುಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು, ಮರದ ರೀಪನ್ನು ಎರಡು ಸಲ ತುಂಡರಿಸಬೇಕು, ಅಷ್ಟಾದ ಮೇಲೂ ಅದೇ ಅಂಚಿನಲ್ಲಿ ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ಅಲಗನ್ನು ಬೆಂಚ್ ವೈಸ್‌ಗೆ ಕಚ್ಚಿಸಿ 90 ಡಿಗ್ರಿ ಬಗ್ಗಿಸುತ್ತಾರೆ, ಮುರಿಯಬಾರದು. ಅಡುಗೆ ಚಾಕುವಿಗೆ ಇಷ್ಟು ಬಾಗು ಬೇಕಿಲ್ಲ. ಆದರೆ ತನ್ನ ಕೆಲಸವನ್ನು ತಾನೇ ಮುರಿದು ನೋಡಿದವರ ಉತ್ತರ ಬೇರೆ ಥರ ಇರುತ್ತದೆ, ಕೇಳಿದರೆ ಗೊತ್ತಾಗುತ್ತದೆ. ಅಲಗಿನ ಮೇಲಿನ ಅಲೆಅಲೆ ಚಿತ್ತಾರಕ್ಕೆ ಹೆಚ್ಚು ದುಡ್ಡು ಕೇಳಿದರೆ, ಅದು ಚಂದಕ್ಕೆ ಕೊಡುವ ದುಡ್ಡು. ಹರಿತಕ್ಕೂ ಅದಕ್ಕೂ ಸಂಬಂಧವಿಲ್ಲ.

ಮುಂದಿನ ಸಲ ಊರಿಗೆ ಬಂದಾಗ ತಂದೆಯವರ ಆ ಹಳೆಯ ಕತ್ತಿ ಇನ್ನೂ ಇದೆಯೇ ಕೇಳಿ. ಅವರ ಪಕ್ಕದಲ್ಲಿ ಕೂತು ಅದರ ಹಿಡಿಯನ್ನು ಅಳೆಯಿರಿ. ಸುತ್ತಳತೆ, ಉದ್ದ, ಕಿರುಬೆರಳು ಕೂರುವಲ್ಲಿ ಮರ ಎಷ್ಟು ಸವೆದಿದೆ ಎಲ್ಲ ಬರೆದುಕೊಳ್ಳಿ. ನಿಮ್ಮ ಕೈ ಅವರ ಕೈಯ ಹಾಗೇ ಇದ್ದರೆ ಆ ಅಳತೆ ನಿಮ್ಮ ಕಮ್ಮಾರನಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಕತ್ತಿಯನ್ನೇ ಕೊಟ್ಟುಕಳಿಸುತ್ತೇನೆ ಎಂದು ಅವರು ಹಟ ಹಿಡಿದರೆ, ಬಟ್ಟೆ ಸುತ್ತಿ ವಿಮಾನದ ಚೆಕ್-ಇನ್ ಪೆಟ್ಟಿಗೆಯಲ್ಲೇ ಇಡಿ. ಕೈಚೀಲದಲ್ಲಿ ಬಿಡುವುದಿಲ್ಲ.