ಚೊಚ್ಚಲ ಹೆರಿಗೆಯ ಮುನ್ನಿನ ವಾರಗಳು: ದಂಪತಿಗಳು ಅರಿತಿರಬೇಕಾದ ಸಂಗತಿಗಳು



ಮೊದಲ ಮಗುವಿನ ನಿರೀಕ್ಷೆಯಲ್ಲಿರುವ ಮನೆಯಲ್ಲಿ ಕೊನೆಯ ನಾಲ್ಕೈದು ವಾರಗಳು ಬಹು ನಿಧಾನವಾಗಿ ಸಾಗುತ್ತವೆ. ಕುಪ್ಪಸದ ಶಾಸ್ತ್ರ ಮುಗಿದಿರುತ್ತದೆ. ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಂಧುಗಳು ತಮ್ಮ ತಮ್ಮ ಊರಿಗೆ ಮರಳಿರುತ್ತಾರೆ. ಇನ್ನು ನೋವು ಬರುವುದೊಂದೇ ಬಾಕಿ ಎಂದು ಮನೆಮಂದಿಯೆಲ್ಲ ಕಾಯುತ್ತ ಕುಳಿತಿರುತ್ತಾರೆ. ಆದರೆ ಈ ವಾರಗಳು ಕಾಯುವುದಕ್ಕೆಂದೇ ಇರುವಂಥವಲ್ಲ. ಹೆರಿಗೆ ಎಲ್ಲಿ ಆಗಬೇಕು, ಅಲ್ಲಿಗೆ ಹೇಗೆ ಹೋಗಬೇಕು, ಹೊರಡಿರೆಂದು ಹೇಳುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ನೋವು ಆರಂಭವಾಗುವ ಮೊದಲೇ ಉತ್ತರ ಸಿದ್ಧವಾಗಿರಬೇಕು. ಈ ಪಾಠದ ಸಾರ ಇಷ್ಟೇ.

ನಮ್ಮ ಸೀಮೆಯ ಒಂದು ಉದಾಹರಣೆ

ಕಕ್ಕೇರಾ ಸಮೀಪದ ನೀಲಕಂಠರಾಯನಗಡ್ಡಿಯು ಕೃಷ್ಣಾ ನದಿಯ ನಡುವಿನ ಒಂದು ನಡುಗಡ್ಡೆ. 2014ರ ಜುಲೈ ತಿಂಗಳ ಕೊನೆಯಲ್ಲಿ ನದಿಯು ತುಂಬಿ ಹರಿಯುತ್ತಿದ್ದಾಗ, ಅಲ್ಲಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯ ಗಂಡಸರ ಆಸರೆಯಿಂದ ಈಜಿ ಈಚೆಯ ದಡವನ್ನು ಸೇರಿದರು. ಆಸ್ಪತ್ರೆಯಿರುವ ದಡದಲ್ಲಿ ಹೆರಿಗೆಯಾಗಬೇಕೆಂಬುದೊಂದೇ ಅವರ ಉದ್ದೇಶವಾಗಿತ್ತು. ಈ ಸುದ್ದಿ ದೇಶ ವಿದೇಶಗಳ ಪತ್ರಿಕೆಗಳಲ್ಲಿ ಪ್ರಕಟವಾಯಿತು.

ಯಾವ ಗರ್ಭಿಣಿಗೂ ಅಂಥ ಪ್ರಸಂಗ ಒದಗಬಾರದು. ಆ ಸಾಹಸವನ್ನು ಯಾರೂ ಅನುಕರಿಸಲೂ ಕೂಡದು. ಆದರೆ ಆ ತಾಯಿಯ ಯೋಚನೆ ಅನುಕರಣೀಯವಾದುದು. ನೋವು ಹತ್ತಿದ ಮೇಲೆ ಹೊಳೆ ದಾಟಲಾಗದೆಂಬುದನ್ನು ಅರಿತು, ಅದಕ್ಕೆ ಮೊದಲೇ ದಾಟಿದರು.

ಪ್ರತಿಯೊಂದು ಮನೆಯ ಮುಂದೆಯೂ ಇಂಥದೊಂದು ಹೊಳೆ ಇರುತ್ತದೆ. ಕೆಲವರಿಗೆ ಅದು ನಿಜವಾದ ಹೊಳೆಯೇ: 2019ರ ಪ್ರವಾಹದಲ್ಲಿ ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆ ಮುಳುಗಿ ಸಂಚಾರ ನಿಂತುಹೋಗಿತ್ತು. ಕೆಲವರಿಗೆ ಮಳೆ ಬಿದ್ದೊಡನೆ ಗಾಲಿಯನ್ನು ಹಿಡಿದು ನಿಲ್ಲಿಸುವ ಎರೆಮಣ್ಣಿನ ದಾರಿ. ಕೆಲವರಿಗೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗಿರುವ ಪತಿಯ ಅಪ್ಪಣೆ. ಇನ್ನು ಕೆಲವರಿಗೆ "ಇಂದು ಅಮಾವಾಸ್ಯೆ, ನಾಳೆ ನೋಡೋಣ" ಎಂಬ ಹಿರಿಯರ ಮಾತು. ಕೃಷ್ಣಾ ಮೇಲ್ದಂಡೆ ಯೋಜನೆಯ ನೌಕರರ ವಸತಿಯಾಗಿ ಬೆಳೆದ ಭೀಮರಾಯನಗುಡಿಯಲ್ಲಿ ಶಹಾಪುರದ ಆಸ್ಪತ್ರೆ ಸಮೀಪದಲ್ಲಿದೆ. ಆದರೆ ಪರ ಊರಿನಿಂದ ಬಂದು ನೆಲೆಸಿದ ದಂಪತಿಗಳಿಗೆ ರಾತ್ರಿಯ ಹೊತ್ತಿನಲ್ಲಿ ಜೊತೆಗೆ ಬರುವ ಹಿರಿಯರಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಹಿರಿಯರು ಹಲವರಿದ್ದಾರೆ, ಆದರೆ ವಾಹನವಿಲ್ಲ. ನಿಮ್ಮ ಮನೆಯ ಮುಂದಿನ ಹೊಳೆ ಯಾವುದೆಂಬುದನ್ನು ಮೊದಲು ಗುರುತಿಸಿಕೊಳ್ಳಿರಿ.

1. ದಿನಗಳ ಲೆಕ್ಕ

ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನಗಳನ್ನು ಕೂಡಿಸಿದರೆ ಹೆರಿಗೆಯ ಅಂದಾಜು ದಿನಾಂಕ ದೊರೆಯುತ್ತದೆ. ಇದು ಒಟ್ಟು 40 ವಾರಗಳ ಅವಧಿ. ಈ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆದಿರುತ್ತಾರೆ. ಪತಿಯೂ ಇದನ್ನು ತಿಳಿದಿರತಕ್ಕದ್ದು. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ಬಹಳ ಕಡಿಮೆ. 37 ವಾರಗಳು ತುಂಬಿದ ಬಳಿಕ ಯಾವ ದಿನವಾದರೂ ಹೆರಿಗೆಯಾಗಬಹುದು. ಆದುದರಿಂದ ಸಿದ್ಧತೆಗಳೆಲ್ಲ 36ನೆಯ ವಾರದೊಳಗೆ ಮುಗಿದಿರಬೇಕು. 40 ವಾರಗಳು ಕಳೆದರೂ ನೋವು ಬಾರದಿದ್ದಲ್ಲಿ ಮನೆಯಲ್ಲಿ ಕಾಯುತ್ತ ಕೂರದೆ ವೈದ್ಯರನ್ನು ಕಾಣಬೇಕು. ದಿನ ಮೀರಿದಂತೆ ಗರ್ಭದೊಳಗಿನ ಮಗುವಿಗೆ ದೊರೆಯುವ ಪೋಷಣೆ ಕುಂದಬಹುದು.

2. ದೇಹದಲ್ಲಿ ಕಂಡುಬರುವ ಬದಲಾವಣೆಗಳು

ಮೊದಲ ಬಸಿರಿನಲ್ಲಿ ಹೆರಿಗೆಗೆ ಎರಡರಿಂದ ನಾಲ್ಕು ವಾರಗಳ ಮುನ್ನ ಮಗುವಿನ ತಲೆಯು ಕೆಳಗಿಳಿದು ಸೊಂಟದ ಮೂಳೆಗಳ ನಡುವೆ ಕೂರುತ್ತದೆ. "ಹೊಟ್ಟೆ ಇಳಿಯಿತು" ಎಂದು ಹಿರಿಯ ಹೆಂಗಸರು ಹೇಳುವುದು ಇದನ್ನೇ. ಆಗ ಉಸಿರಾಟ ಹಗುರವಾಗುತ್ತದೆ. ಆದರೆ ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ. ಸೊಂಟನೋವು, ನಿದ್ರೆ ಕೆಡುವುದು, ಸಂಜೆ ಪಾದಗಳು ತುಸು ಊದಿಕೊಳ್ಳುವುದು ಇವೆಲ್ಲ ಸಾಮಾನ್ಯ. ಮಲಗುವಾಗ ಅಂಗಾತ ಮಲಗದೆ ಎಡ ಮಗ್ಗುಲಿಗೆ ಮಲಗುವುದು ಉತ್ತಮ. ಇದರಿಂದ ಮಗುವಿಗೆ ರಕ್ತದ ಹರಿವು ಚೆನ್ನಾಗಿ ಆಗುತ್ತದೆ.

ಮಗುವಿನ ಚಲನೆಯನ್ನು ಪ್ರತಿದಿನವೂ ಗಮನಿಸುತ್ತಿರಬೇಕು. ಊಟವಾದ ಬಳಿಕ ಎಡ ಮಗ್ಗುಲಿಗೆ ಮಲಗಿ ಎಣಿಸಿದರೆ ಎರಡು ಗಂಟೆಗಳಲ್ಲಿ ಹತ್ತು ಬಾರಿಯಾದರೂ ಮಗು ಮಿಸುಕಬೇಕು. ಅದಕ್ಕಿಂತ ಕಡಿಮೆಯಾದರೆ ಅಥವಾ ಎಂದಿನ ಚಲನೆ ತಗ್ಗಿತೆಂದು ತಾಯಿಗೆ ಅನಿಸಿದರೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ದಿನ ಸಮೀಪಿಸಿದಾಗ ಮಗು ಸುಮ್ಮನಾಗುತ್ತದೆ ಎಂಬ ನಂಬಿಕೆ ಸರಿಯಲ್ಲ.

3. ಆಹಾರ ಮತ್ತು ದುಡಿಮೆ

ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುವುದೆಂದು ಕೆಲವೆಡೆ ಬಸುರಿಯ ಊಟವನ್ನು ಕಡಿಮೆ ಮಾಡುತ್ತಾರೆ. ಇದು ತಪ್ಪು. ಕೊನೆಯ ವಾರಗಳಲ್ಲಿಯೇ ಮಗುವಿನ ತೂಕ ಹೆಚ್ಚುವುದು. ಹುಟ್ಟುವ ಮಗು ಎರಡೂವರೆ ಕಿಲೋಗ್ರಾಂ ತೂಗಬೇಕಾದರೆ ತಾಯಿ ಹೊಟ್ಟೆ ತುಂಬ ಉಣ್ಣಬೇಕು. ಹೊಟ್ಟೆಯಲ್ಲಿ ಜಾಗ ಕಡಿಮೆಯಿರುವ ಕಾರಣ ಸ್ವಲ್ಪ ಸ್ವಲ್ಪವಾಗಿ ಐದಾರು ಬಾರಿ ಉಣ್ಣುವುದು ಅನುಕೂಲ. ಜೋಳದ ರೊಟ್ಟಿ, ತೊಗರಿ ಬೇಳೆ, ಮೊಳಕೆ ಬಂದ ಹೆಸರು, ಪುಂಡಿಪಲ್ಯ, ಮೆಂತ್ಯೆ ಸೊಪ್ಪು, ಶೇಂಗಾ, ಹಾಲು ಮೊಸರು, ರೂಢಿಯಿದ್ದವರಿಗೆ ತತ್ತಿ ಇವೆಲ್ಲ ನಮ್ಮ ಊರಿನಲ್ಲಿಯೇ ದೊರೆಯುವ ಉತ್ತಮ ಆಹಾರಗಳು. ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಸೊಸೆ ಉಣ್ಣುವ ಪದ್ಧತಿಯನ್ನು ಈ ತಿಂಗಳಲ್ಲಾದರೂ ಕೈಬಿಡಬೇಕು.

ಕಬ್ಬಿಣಾಂಶದ ಮಾತ್ರೆಯನ್ನು ಪ್ರತಿದಿನವೂ ತಪ್ಪದೆ ನುಂಗಬೇಕು. ಮಲ ಕಪ್ಪಾಗುವುದೆಂದು ಅಂಜಿ ನಿಲ್ಲಿಸಕೂಡದು, ಅದರಿಂದ ಹಾನಿಯಿಲ್ಲ. ಮಾತ್ರೆಯ ಜೊತೆಗೆ ಚಹಾ ಕುಡಿಯಬಾರದು; ಸುಣ್ಣಾಂಶದ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಮಣ್ಣು, ಬೂದಿ ತಿನ್ನುವ ಬಯಕೆಯು ಅನೇಕ ವೇಳೆ ರಕ್ತಹೀನತೆಯ ಗುರುತು. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 11 ಗ್ರಾಂ ಇರಬೇಕು. 7 ಗ್ರಾಮಿಗಿಂತ ಕಡಿಮೆ ಇದ್ದವರು ರಕ್ತ ಕೊಡುವ ಸೌಲಭ್ಯವಿರುವ ಆಸ್ಪತ್ರೆಯಲ್ಲಿಯೇ ಹೆರಬೇಕು. ರಕ್ತವುಳ್ಳ ತಾಯಿ ತಡೆದುಕೊಳ್ಳಬಹುದಾದಷ್ಟು ರಕ್ತಸ್ರಾವವೂ ರಕ್ತಹೀನ ತಾಯಿಯ ಪ್ರಾಣಕ್ಕೆ ಎರವಾಗಬಲ್ಲದು.

ಮನೆಯ ಹಗುರವಾದ ಕೆಲಸ, ಸಂಜೆಯ ನಡಿಗೆ ಒಳ್ಳೆಯದು. ಆದರೆ ಹೊರೆ ಹೊರುವುದು, ತುಂಬಿದ ಕೊಡ ಎತ್ತುವುದು, ಬಿಸಿಲಿನಲ್ಲಿ ಬಗ್ಗಿ ಹತ್ತಿ ಬಿಡಿಸುವುದು ಅಥವಾ ನಾಟಿ ಮಾಡುವುದು ಈಗ ಸಲ್ಲದು. ಹಗಲಿನಲ್ಲಿ ಎರಡು ಗಂಟೆಗಳ ವಿಶ್ರಾಂತಿ ಅತ್ಯವಶ್ಯ. ನಮ್ಮ ಸೀಮೆಯ ಬೇಸಿಗೆ ಕಠಿಣವಾದುದರಿಂದ ನೀರು, ಮಜ್ಜಿಗೆಗಳನ್ನು ಆಗಾಗ ಕುಡಿಯುತ್ತಿರಬೇಕು.

4. ತವರಿಗೆ ಹೋಗುವುದು ಯಾವಾಗ?

ಚೊಚ್ಚಲ ಬಾಣಂತನ ತವರಿನಲ್ಲಿಯೇ ಆಗಬೇಕೆಂಬುದು ನಮ್ಮ ಪದ್ಧತಿ. ತಾಯಿಯ ಆರೈಕೆ, ಮನಸ್ಸಿನ ನೆಮ್ಮದಿ ದೊರೆಯುವ ಈ ಪದ್ಧತಿ ಒಳ್ಳೆಯದೇ. ಆದರೆ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಪ್ರಯಾಣದ ಕಾಲ. 36ನೆಯ ವಾರಕ್ಕೆ ಮೊದಲೇ ತವರು ಸೇರಿರಬೇಕು. ದೂರದ ನಗರಗಳಲ್ಲಿ ದುಡಿಯುತ್ತಿರುವವರು ಎಂಟನೆಯ ತಿಂಗಳಿನಲ್ಲಿಯೇ ಊರಿಗೆ ಮರಳುವುದು ಲೇಸು; ಒಂಬತ್ತು ತುಂಬಿದ ಮೇಲೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬರುವುದು ಅಪಾಯಕರ. ಎರಡನೆಯದು, ದಾಖಲೆ. ತವರಿಗೆ ಹೋಗುವಾಗ ತಾಯಿ ಕಾರ್ಡನ್ನೂ ರಕ್ತ ಪರೀಕ್ಷೆಯ ಹಾಗೂ ಸ್ಕ್ಯಾನಿಂಗಿನ ವರದಿಗಳನ್ನೂ ತಪ್ಪದೆ ಒಯ್ಯಬೇಕು. ಗಂಡನ ಊರಿನ ಆಶಾ ಕಾರ್ಯಕರ್ತೆಗೂ ತವರೂರಿನ ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಬೇಕು. ಇಲ್ಲವಾದರೆ ಆಕೆ ಎರಡು ಊರುಗಳ ನಡುವೆ ಯಾರ ಲೆಕ್ಕಕ್ಕೂ ಸಿಗದೆ ಉಳಿಯುತ್ತಾಳೆ.

ಹೊಳೆ ಹಳ್ಳಗಳಾಚೆ ತವರಿದ್ದು ಮಳೆಗಾಲದಲ್ಲಿ ದಿನ ತುಂಬುವುದಾದರೆ, ಕೊನೆಯ ಎರಡು ವಾರಗಳನ್ನು ಆಸ್ಪತ್ರೆಗೆ ಸಮೀಪದ ಬಂಧುಗಳ ಮನೆಯಲ್ಲಿ ಕಳೆಯುವುದು ಸೂಕ್ತ.

5. ಪತಿಯ ಕರ್ತವ್ಯ

ಹೆರಿಗೆ ಹೆಂಗಸರ ವಿಷಯವೆಂದು ಪತಿಯು ದೂರ ನಿಲ್ಲಬಾರದು. ಅವನು ಈ ವಾರಗಳಲ್ಲಿ ಮಾಡಬೇಕಾದ ಕೆಲಸಗಳು ಹೀಗಿವೆ:

ಅ) ಒಂಬತ್ತನೆಯ ತಿಂಗಳಿನ ತಪಾಸಣೆಗೆ ಪತ್ನಿಯ ಜೊತೆ ತಾನೂ ಹೋಗಬೇಕು. ಪ್ರತಿ ತಿಂಗಳ 9ನೆಯ ತಾರೀಖಿನಂದು ಸರಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ಹೆರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗಬಹುದೇ, ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೇ, ಯಾದಗಿರಿ ಅಥವಾ ಕಲಬುರಗಿಗೇ ಹೋಗಬೇಕೇ ಎಂದು ಅಂದೇ ಕೇಳಿ ತಿಳಿಯಬೇಕು. ರಕ್ತದೊತ್ತಡ ಹೆಚ್ಚಿದ್ದರೆ, ಮಗು ಅಡ್ಡಲಾಗಿದ್ದರೆ, ಅವಳಿ ಮಕ್ಕಳಿದ್ದರೆ ಮೊದಲೇ ದೊಡ್ಡ ಆಸ್ಪತ್ರೆಯನ್ನು ನಿಶ್ಚಯಿಸಬೇಕು.

ಆ) 108 ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ. ಆದರೂ ಊರಿನ ಒಬ್ಬ ವಾಹನದವರೊಡನೆ ಮೊದಲೇ ಮಾತನಾಡಿಟ್ಟು, ಅವರ ದೂರವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಬೇಕು.

ಇ) ಅಗತ್ಯ ಬಿದ್ದರೆ ರಕ್ತ ನೀಡಲು ಸಿದ್ಧರಿರುವ ಇಬ್ಬರನ್ನು ಗೊತ್ತುಪಡಿಸಬೇಕು.

ಈ) ಒಂದು ಚೀಲದಲ್ಲಿ ತಾಯಿ ಕಾರ್ಡು, ಒಗೆದು ಬಿಸಿಲಿನಲ್ಲಿ ಒಣಗಿಸಿದ ಹತ್ತಿ ಬಟ್ಟೆಗಳು, ಮಗುವಿಗೆ ಟೊಪ್ಪಿಗೆ, ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ಪ್ರತಿಗಳು, ಕೈಖರ್ಚಿನ ಹಣ ಇವನ್ನು ಕಟ್ಟಿಡಬೇಕು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧಿ, ರಕ್ತ, ತಾಯಿಯ ಊಟ ಎಲ್ಲವೂ ಉಚಿತ. ಖರ್ಚಿಗೆ ಅಂಜಿ ತಡಮಾಡುವ ಕಾರಣವಿಲ್ಲ.

ಉ) ಎಲ್ಲಕ್ಕಿಂತ ಮುಖ್ಯವಾದುದು ಇದು: ತಾನು ಊರಿನಲ್ಲಿ ಇಲ್ಲದಾಗ ನಿರ್ಧಾರ ಮಾಡುವವರು ಯಾರೆಂಬುದನ್ನು ಹಿರಿಯರ ಎದುರಿಗೇ ಹೇಳಿಡಬೇಕು. "ಆಕೆ ಹೋಗೋಣವೆಂದರೆ ಹೊರಡಿರಿ, ನನ್ನನ್ನು ಕೇಳಲು ಕಾಯಬೇಡಿರಿ" ಎಂಬ ಒಂದು ಮಾತು ಎರಡು ಜೀವಗಳನ್ನು ಉಳಿಸಬಲ್ಲದು.

6. ನಿಜವಾದ ನೋವನ್ನು ಗುರುತಿಸುವುದು ಹೇಗೆ?

ಕೊನೆಯ ವಾರಗಳಲ್ಲಿ ಆಗಾಗ ಹೊಟ್ಟೆ ಬಿಗಿಯಾಗಿ ಮತ್ತೆ ಸಡಿಲವಾಗುತ್ತದೆ. ಇದು ಸುಳ್ಳುನೋವು. ಇದಕ್ಕೆ ಕ್ರಮವಿರುವುದಿಲ್ಲ, ವಿಶ್ರಾಂತಿ ಪಡೆದರೆ ಶಮನವಾಗುತ್ತದೆ. ನಿಜವಾದ ನೋವು ಸಾಮಾನ್ಯವಾಗಿ ಬೆನ್ನಿನಿಂದ ಆರಂಭವಾಗಿ ಮುಂದಕ್ಕೆ ಬರುತ್ತದೆ, ಕ್ರಮವಾಗಿ ಮರಳುತ್ತದೆ, ಬರಬರುತ್ತ ಬಲವಾಗುತ್ತದೆ, ನಡುವಿನ ಅಂತರ ಕಿರಿದಾಗುತ್ತದೆ. ರಕ್ತ ಬೆರೆತ ಲೋಳೆ ಕಾಣಿಸುವುದೂ ಹೆರಿಗೆ ಸಮೀಪಿಸಿರುವುದರ ಗುರುತು. ಹತ್ತು ನಿಮಿಷಗಳಿಗೊಮ್ಮೆ ನೋವು ಬರತೊಡಗಿದರೆ ಹಳ್ಳಿಯಲ್ಲಿರುವವರು ಹೊರಡಬೇಕು. ಚೊಚ್ಚಲ ಹೆರಿಗೆಗೆ ಹನ್ನೆರಡು ಗಂಟೆ ಅಥವಾ ಇನ್ನೂ ಹೆಚ್ಚು ಕಾಲ ಹಿಡಿಯಬಹುದು; ಆ ಕಾಲವನ್ನು ಆಸ್ಪತ್ರೆಯಲ್ಲಿ ಕಳೆಯುವುದೇ ಕ್ಷೇಮ.

ನೋವು ಬೇಗ ಬರಲೆಂದು ಮನೆಯಲ್ಲಿ ಯಾರಿಂದಲೂ ಚುಚ್ಚುಮದ್ದು ಹಾಕಿಸಕೂಡದು. ಅದರಿಂದ ಗರ್ಭಕೋಶ ಹರಿದು ತಾಯಿಮಗು ಇಬ್ಬರೂ ಸಾಯುವ ಸಂಭವವಿದೆ.

7. ಗಳಿಗೆಯೂ ತಡಮಾಡಬಾರದ ಚಿಹ್ನೆಗಳು

ಈ ಕೆಳಗಿನ ಯಾವುದೇ ಒಂದು ಕಂಡರೂ, ನೋವು ಇರಲಿ ಇಲ್ಲದಿರಲಿ, ಹಗಲಾಗಲಿ ರಾತ್ರಿಯಾಗಲಿ, ಒಡನೆಯೇ ಆಸ್ಪತ್ರೆಗೆ ಹೊರಡಬೇಕು:

• ಜನನಾಂಗದಿಂದ ರಕ್ತಸ್ರಾವ
• ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಊತ
• ಫಿಟ್ಸ್ ಬರುವುದು. ಇದು ದೆವ್ವದ ಕಾಟವಲ್ಲ. ರಕ್ತದೊತ್ತಡ ಏರಿದ್ದರ ಪರಿಣಾಮ
• ನೋವಿಲ್ಲದೆ ನೀರು ಹೋಗುವುದು, ಅಥವಾ ಹಸಿರು ಬಣ್ಣದ ನೀರು
• ಜ್ವರ, ಬಿಡದ ಹೊಟ್ಟೆನೋವು, ಏದುಸಿರು
• ಮಗುವಿನ ಚಲನೆ ಕಡಿಮೆಯಾಗುವುದು ಅಥವಾ ನಿಲ್ಲುವುದು

8. ಮಗು ಹುಟ್ಟಿದೊಡನೆ

ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ, ಒಂದು ಗಂಟೆಯೊಳಗೆ ಹಾಲೂಡಿಸಬೇಕು. ಮೊದಲ ದಿನಗಳ ಹಳದಿ ಬಣ್ಣದ ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬಾರದು. ಅದು ಮಗುವಿಗೆ ರೋಗಗಳ ವಿರುದ್ಧ ಮೊದಲ ರಕ್ಷಣೆ. ಜೇನು, ಬೆಲ್ಲದ ನೀರು, ಹರಳೆಣ್ಣೆ ಯಾವುದೂ ಬೇಡ. ಮೊದಲ ದಿನ ಮಗುವಿಗೆ ಸ್ನಾನ ಮಾಡಿಸಕೂಡದು. ಸಹಜ ಹೆರಿಗೆಯಾದರೂ ತಾಯಿಯು 48 ಗಂಟೆ ಆಸ್ಪತ್ರೆಯಲ್ಲಿರಬೇಕು. ಪ್ರಾಣಾಂತಿಕ ರಕ್ತಸ್ರಾವವು ಹೆಚ್ಚಾಗಿ ಈ ಅವಧಿಯಲ್ಲಿಯೇ ಉಂಟಾಗುತ್ತದೆ.

ಮುಂದಿನ ಮಗುವಿಗೆ ಕನಿಷ್ಠ ಮೂರು ವರ್ಷಗಳ ಅಂತರವಿರಲಿ. ಇಚ್ಛೆಯುಳ್ಳವರಿಗೆ ಹೆರಿಗೆಯಾದ 48 ಗಂಟೆಗಳೊಳಗೆ ವಂಕಿ ಅಳವಡಿಸುವ ಅನುಕೂಲವಿದೆ. ಈ ವಿಷಯವನ್ನೂ ದಂಪತಿಗಳು ಈಗಲೇ ಮಾತನಾಡಿಕೊಂಡು ವೈದ್ಯರಿಗೆ ತಿಳಿಸುವುದು ಒಳಿತು.

ದಂಪತಿಗಳು ಇಂದು ರಾತ್ರಿ ಉತ್ತರಿಸಬೇಕಾದ ಪ್ರಶ್ನೆಗಳು

1. ನಮ್ಮ ಹೆರಿಗೆಯ ಅಂದಾಜು ದಿನಾಂಕ ಯಾವುದು? ಇಂದಿಗೆ ಎಷ್ಟು ವಾರಗಳು ತುಂಬಿವೆ?
2. ಹೆರಿಗೆಗೆ ನಾವು ನಿಶ್ಚಯಿಸಿರುವ ಆಸ್ಪತ್ರೆ ಯಾವುದು?
3. ನಡುರಾತ್ರಿ ನೋವು ಬಂದರೆ ವಾಹನ ಯಾರದು? ಜೊತೆಗೆ ಬರುವವರು ಯಾರು?
4. ಮಳೆ ಬಂದು ದಾರಿ ಕಟ್ಟಿದರೆ ನಮ್ಮ ಬದಲಿ ಏರ್ಪಾಡು ಏನು?
5. ರಕ್ತ ನೀಡಲು ಸಿದ್ಧರಿರುವ ಇಬ್ಬರು ಯಾರು?
6. ಪತಿ ಊರಿನಲ್ಲಿಲ್ಲದಿದ್ದರೆ "ಹೊರಡೋಣ" ಎಂದು ಹೇಳುವವರು ಯಾರು?

ಈ ಆರಕ್ಕೂ ನಿಮ್ಮಲ್ಲಿ ಉತ್ತರವಿದ್ದರೆ ನೀವು ಅರ್ಧ ಹೊಳೆಯನ್ನು ಈಗಾಗಲೇ ದಾಟಿದ್ದೀರಿ. ಯಾವುದಕ್ಕೆ ಉತ್ತರವಿಲ್ಲವೋ ಅದನ್ನು ನಾಳೆಯೇ ನಿಮ್ಮ ಊರಿನ ಆಶಾ ಕಾರ್ಯಕರ್ತೆಯೊಡನೆ ಕುಳಿತು ಇತ್ಯರ್ಥಮಾಡಿಕೊಳ್ಳಿರಿ.