‘ಆಗೋದಿಲ್ಲ’ ಎನ್ನಬಲ್ಲವರನ್ನು ಆರಿಸು

ಮಗಳೇ,

ನಿಮ್ಮೂರಿನ ವಿದ್ಯುತ್ ಸಂಸ್ಥೆಯ ಬೋರ್ಡಿಗೆ ನಿನ್ನನ್ನು ಸದಸ್ಯೆಯಾಗಿ ನೇಮಿಸಿದ್ದಾರೆಂದು ನಿಮ್ಮಪ್ಪ ಹೇಳಿದಾಗ ನನಗಾದ ಸಂತೋಷ ನಿನಗೆ ಗೊತ್ತೇ ಇದೆ. ಈಗ ಅಲ್ಲಿನ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ, ಹೊಸಬರನ್ನು ಹುಡುಕುವ ಸಮಿತಿಯಲ್ಲಿ ನೀನೂ ಇದ್ದೀಯ. ‘ಚಿಕ್ಕಪ್ಪ, ನೀವು ಕೆಇಬಿಯಲ್ಲಿ ಇದ್ದವರು, ಏನು ನೋಡಬೇಕು ಹೇಳಿ’ ಎಂದು ಕೇಳಿದೆಯಲ್ಲ, ಅದು ಫೋನಿನಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಈ ಕುರ್ಚಿ ಎಂಥದ್ದು ಎಂದು ತಿಳಿದುಕೊ. ಅಮೆರಿಕದಲ್ಲಿ ನಿಮ್ಮದರಂತೆ ಊರಿನವರೇ ಒಡೆಯರಾಗಿರುವ ವಿದ್ಯುತ್ ಸಂಸ್ಥೆಗಳು ಸುಮಾರು 2,000 ಇವೆ. ಆ ದೇಶದ ಏಳು ಜನರಲ್ಲಿ ಒಬ್ಬರ ಮನೆಗೆ ಕರೆಂಟ್ ಬರುವುದು ಇಂಥವುಗಳಿಂದ. ಖಾಸಗಿ ಕಂಪನಿಯ ಷೇರುದಾರರು ಎಲ್ಲೋ ಇರುತ್ತಾರೆ, ಅವರಿಗೆ ಬೇಕಾದದ್ದು ಲಾಭ. ನಿಮ್ಮಲ್ಲಿ ಬಿಲ್ ಕಟ್ಟುವವರೇ ಒಡೆಯರು. ಆದರೆ ಅವರ ಹೆಸರು ಹೇಳಿಕೊಂಡು ಮುಖ್ಯಸ್ಥರ ಬಾಗಿಲು ತಟ್ಟುವವರು ಬಹಳ ಜನ. ಚುನಾವಣೆಯ ವರ್ಷ ದರ ಏರುವುದು ಮೇಯರಿಗೆ ಬೇಡ. ಕೌನ್ಸಿಲಿಗೆ ಪಾರ್ಕು, ಗ್ರಂಥಾಲಯ, ಪೊಲೀಸರ ಸಂಬಳಕ್ಕೆ ಹಣ ಬೇಕು, ಅದರ ಒಂದು ಪಾಲು ಕರೆಂಟ್ ಬಿಲ್ಲಿನಿಂದಲೇ ಬರುತ್ತದೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ನಗರ ತನ್ನದೇ ಸಿಪಿಎಸ್ ಎನರ್ಜಿ ಸಂಸ್ಥೆಯ ಒಟ್ಟು ವರಮಾನದಲ್ಲಿ ಶೇ. 14ರವರೆಗೆ ನಗರದ ಬೊಕ್ಕಸಕ್ಕೆ ತೆಗೆದುಕೊಳ್ಳುತ್ತದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಊರಿನ ಆಸ್ತಿ, ಊರಿಗೆ ಉಪಯೋಗವಾಗಲಿ. ಆದರೆ ಹಣ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ಯಾರ ಕಣ್ಣಿಗೂ ಕಾಣದ ಕೆಲಸಗಳಿಗೆ: ತಂತಿಗೆ ತಾಗುವ ಕೊಂಬೆ ಸವರುವುದು, ಬುಡ ಕೊಳೆತ ಕಂಬ ಬದಲಿಸುವುದು, ಟ್ರಾನ್ಸ್‌ಫಾರ್ಮರಿನ ಎಣ್ಣೆ ಪರೀಕ್ಷೆ. ಈ ವರ್ಷ ಬಿಟ್ಟರೆ ಏನೂ ಆಗುವುದಿಲ್ಲ, ಮುಂದಿನ ವರ್ಷವೂ ಆಗುವುದಿಲ್ಲ. ಆಮೇಲೆ ಒಂದು ಬಿರುಗಾಳಿಗೆ ಇಡೀ ಬಡಾವಣೆ ಕತ್ತಲಾಗುತ್ತದೆ. ಇಷ್ಟರವರೆಗೆ ಕೊಡಬಹುದು, ಇದರಾಚೆ ಆಗೋದಿಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಬೇಕಾದವರು ನೀವು ಆರಿಸುವ ಆ ಒಬ್ಬರು.

ಹಾಗಾಗಿ ನನ್ನ ಮಾತು ಒಂದೇ. ‘ಆಗೋದಿಲ್ಲ’ ಎನ್ನಬಲ್ಲವರನ್ನು ಆರಿಸು. ಅವರು ಹಾಗೆ ಅಂದಾಗ ಬೆನ್ನಿಗೆ ನಿಲ್ಲುವ ಬೋರ್ಡು ನಿಮ್ಮದಾಗಲಿ. ಇವೆರಡರಲ್ಲಿ ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಪ್ರಯೋಜನವಿಲ್ಲ.

ನಾನು ಇದನ್ನು ಕಲಿತದ್ದು ಮಲೆನಾಡಿನಲ್ಲಿ, ಸೆಕ್ಷನ್ ಆಫೀಸರ್ ಆಗಿದ್ದಾಗ. ಆಷಾಢದ ಒಂದು ಸಂಜೆ ಹನ್ನೊಂದು ಕೆವಿ ಲೈನಿನ ಮೇಲೆ ಕೊಂಬೆ ಮುರಿದು ಬಿದ್ದಿತ್ತು. ಇಬ್ಬರು ಲೈನ್‌ಮನ್‌ಗಳು ಸ್ಟೇಷನ್ನಿನಿಂದ ಎಲ್‌ಸಿ ತೆಗೆದುಕೊಂಡು ಹೋಗಿ ಕಂಬ ಹತ್ತಿದ್ದರು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಅದನ್ನು ಪಡೆದವರೇ ಹಿಂದಿರುಗಿಸುವವರೆಗೆ ಆ ಲೈನಿಗೆ ಯಾರೂ ಕರೆಂಟ್ ಹರಿಸುವಂತಿಲ್ಲ. ಅಷ್ಟರಲ್ಲಿ ಊರಿನ ದೊಡ್ಡ ಮನುಷ್ಯರೊಬ್ಬರ ಮನೆಯ ಸಮಾರಂಭ ಕತ್ತಲಲ್ಲಿ ಮುಳುಗಿತು. ಸ್ಟೇಷನ್ನಿಗೆ ಫೋನಿನ ಮೇಲೆ ಫೋನ್. ಡ್ಯೂಟಿಯಲ್ಲಿದ್ದ ಆಪರೇಟರ್ ನಮ್ಮಲ್ಲೆಲ್ಲ ಕಿರಿಯ, ಇನ್ನೂ ಕಾಯಂ ಕೂಡ ಆಗಿರಲಿಲ್ಲ. ‘ಎಲ್‌ಸಿ ವಾಪಸ್ ಬಂದಿಲ್ಲ ಸ್ವಾಮಿ, ಲೈನ್ ಚಾರ್ಜ್ ಮಾಡೋಕೆ ಆಗೋದಿಲ್ಲ’ ಎಂದು ಪ್ರತಿ ಸಲವೂ ಅದೇ ಮಾತು ಹೇಳಿದ. ಕೊನೆಗೆ ಫೋನು ನಮ್ಮ ಎಕ್ಸಿಕ್ಯುಟಿವ್ ಎಂಜಿನಿಯರ್ ಮನೆಗೇ ಹೋಯಿತು. ಅವರು ‘ಆಪರೇಟರ್ ಏನು ಹೇಳಿದನೋ ಅದೇ ನನ್ನ ಮಾತು’ ಎಂದು ಇಟ್ಟುಬಿಟ್ಟರು. ಲೈನ್‌ಮನ್‌ಗಳು ತೊಯ್ದು ತೊಪ್ಪೆಯಾಗಿ ಬಂದು ರಿಜಿಸ್ಟರಿನಲ್ಲಿ ಸಹಿ ಹಾಕುವಾಗ ಹಾಳೆಯೆಲ್ಲ ನೆನೆಯಿತು. ಆಮೇಲೆಯೇ ಲೈನ್ ಚಾರ್ಜ್ ಆಯಿತು. ಆ ಹುಡುಗನನ್ನು ಎತ್ತಂಗಡಿ ಮಾಡಿಸಬೇಕೆಂದು ಪ್ರಯತ್ನವೂ ನಡೆಯಿತು, ಎಂಜಿನಿಯರ್ ಬಿಟ್ಟುಕೊಡಲಿಲ್ಲ. ನೀವು ಹುಡುಕುತ್ತಿರುವುದು ಆ ಆಪರೇಟರನ್ನು, ಮಗಳೇ. ಆ ಎಂಜಿನಿಯರ್ ನೀವಾಗಬೇಕು.

ಇನ್ನು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ನಡೆದದ್ದನ್ನು ನಿಮ್ಮ ಸಮಿತಿಯವರೆಲ್ಲ ಒಟ್ಟಿಗೆ ಕೂತು ಓದಬೇಕು. ಅಲ್ಲಿ ಜೆಇಎ ಎಂಬ ನಗರದ ಸಂಸ್ಥೆ ಇದೆ. ಕರೆಂಟು, ನೀರು, ಒಳಚರಂಡಿ ಮೂರೂ ಅದರದ್ದೇ. 2017ರ ಕೊನೆಯಲ್ಲಿ ಅದನ್ನು ಖಾಸಗಿಯವರಿಗೆ ಮಾರಿದರೆ ಹೇಗೆ ಎಂಬ ಮಾತು ಬೋರ್ಡಿನಲ್ಲೇ ಎದ್ದಿತು. 2018ರ ಏಪ್ರಿಲಿನಲ್ಲಿ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾಕೆಲ್ರಾಯ್ ರಾಜೀನಾಮೆ ಕೊಟ್ಟರು. ಹಂಗಾಮಿಯಾಗಿ ಆ ಜಾಗದಲ್ಲಿ ಬೋರ್ಡು ಕೂರಿಸಿದ್ದು ಅದೇ ತಾನೆ ಬೋರ್ಡಿನ ಸದಸ್ಯರಾಗಿದ್ದ ಆರನ್ ಝಾನ್ ಅವರನ್ನು. ವಿದ್ಯುತ್ ಸಂಸ್ಥೆಯೊಂದನ್ನು ನಡೆಸಿದ ಅನುಭವ ಅವರಿಗೆ ಇರಲಿಲ್ಲ. ನವೆಂಬರಿನಲ್ಲಿ ಅವರೇ ಕಾಯಂ ಆದರು.

2019ರ ಜುಲೈಯಲ್ಲಿ ಸಂಸ್ಥೆಯ ಭವಿಷ್ಯ ಕತ್ತಲೆ ಎಂಬ ಚಿತ್ರವನ್ನು ಬೋರ್ಡಿನ ಮುಂದೆ ಇಟ್ಟರು. ಬೋರ್ಡು ಮಾರಾಟದ ದಾರಿ ತೆರೆಯಿತು. ಅದೇ ಸಭೆಯಲ್ಲಿ ನೌಕರರ ಪ್ರೋತ್ಸಾಹಧನದ ಹೆಸರಿನಲ್ಲಿ ಒಂದು ಯೋಜನೆಗೂ ಒಪ್ಪಿಗೆ ಸಿಕ್ಕಿತು. ಸಂಸ್ಥೆ ಮಾರಾಟವಾದರೆ ಆ ಯೋಜನೆಯ ಮೂಲಕ ನೂರಾರು ಮಿಲಿಯನ್ ಡಾಲರ್ ಊರಿನ ಕೈತಪ್ಪಿ ಹೋಗುತ್ತಿತ್ತು. ಇದನ್ನು ಲೆಕ್ಕ ಹಾಕಿ ತೋರಿಸಿದವರು ಬೋರ್ಡಿನವರಲ್ಲ, ನಗರ ಕೌನ್ಸಿಲಿನ ಲೆಕ್ಕಪರಿಶೋಧಕರು. ಡಿಸೆಂಬರಿನಲ್ಲಿ ಮಾರಾಟ ನಿಂತಿತು. 2020ರ ಜನವರಿಯಲ್ಲಿ ಝಾನ್ ವಜಾ ಆದರು. 2024ರ ಮಾರ್ಚಿನಲ್ಲಿ ಫೆಡರಲ್ ನ್ಯಾಯಾಲಯದ ಜ್ಯೂರಿ ಅವರನ್ನು ಸಂಚು ಮತ್ತು ವಂಚನೆಯಲ್ಲಿ ಅಪರಾಧಿ ಎಂದಿತು, ಜುಲೈಯಲ್ಲಿ ನಾಲ್ಕು ವರ್ಷದ ಜೈಲುಶಿಕ್ಷೆಯಾಯಿತು. ಜೊತೆಯಲ್ಲೇ ವಿಚಾರಣೆ ಎದುರಿಸಿದ ಹಣಕಾಸು ಅಧಿಕಾರಿ ನಿರ್ದೋಷಿ ಎಂದು ಬಿಡುಗಡೆಯಾದರು. ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುತ್ತೇವಲ್ಲ, ಅದು. ಆದರೆ ಆ ಬೇಲಿಯನ್ನು ನೆಟ್ಟವರು ಬೋರ್ಡಿನವರೇ.

ನೀನು ಗಮನಿಸಬೇಕಾದ ಘಟ್ಟ ಜೈಲಿನದಲ್ಲ, 2018ರ ಏಪ್ರಿಲ್ ತಿಂಗಳಿನದು. ಒಬ್ಬರನ್ನು ಹಂಗಾಮಿಯಾಗಿ ಕೂರಿಸಿದ ಮೇಲೆ ಆ ಕುರ್ಚಿಯ ಬಲ ಅವರಿಗೆ ಬಂದುಬಿಡುತ್ತದೆ. ಹೊರಗಿನಿಂದ ಬರಬಹುದಾದ ಒಳ್ಳೆಯ ಎಂಜಿನಿಯರ್ ‘ಅಲ್ಲಿ ಆಗಲೇ ಒಬ್ಬರು ಇದ್ದಾರಲ್ಲ’ ಎಂದು ಅರ್ಜಿಯನ್ನೇ ಹಾಕುವುದಿಲ್ಲ. ಅದಕ್ಕೇ ನಿಮ್ಮ ಮೊದಲ ಸಭೆಯಲ್ಲೇ ಎರಡು ಠರಾವು ಮಾಡಿಸು: ಹಂಗಾಮಿ ಮುಖ್ಯಸ್ಥರು ಕಾಯಂ ಹುದ್ದೆಯ ಅಭ್ಯರ್ಥಿಯಲ್ಲ, ಬೋರ್ಡಿನ ಸದಸ್ಯರು ಯಾರೂ ಅಭ್ಯರ್ಥಿಗಳಲ್ಲ. ಹೆಸರುಗಳು ಬರುವ ಮುಂಚೆ ಮಾಡಿದರೆ ಯಾರಿಗೂ ನೋವಾಗುವುದಿಲ್ಲ, ಬಂದ ಮೇಲೆ ಮಾಡಲು ಹೊರಟರೆ ಅದೇ ಜಗಳವಾಗುತ್ತದೆ.

ಹಾಗೆಂದು ಪದವಿಯ ಉದ್ದ ನೋಡಿ ಆರಿಸು ಎನ್ನುತ್ತಿಲ್ಲ. ಸಿಯಾಟಲ್ ಸಿಟಿ ಲೈಟ್ ಸಂಸ್ಥೆಯನ್ನು ಬೆಳೆಸಿದ ಜೆ. ಡಿ. ರಾಸ್ ಎಂಜಿನಿಯರಿಂಗನ್ನು ಸ್ವಂತ ಓದಿನಿಂದ ಕಲಿತವರು. 1911ರಲ್ಲಿ ಸೂಪರಿಂಟೆಂಡೆಂಟ್ ಆದ ಅವರು ಸ್ಕಾಜಿಟ್ ನದಿಯ ಜಲವಿದ್ಯುತ್ ಯೋಜನೆಗಳನ್ನು ಕಟ್ಟಿದರು. ನನಗೆ ಬಹಳ ಹಿಡಿಸಿದ್ದು ಅವರ ಇನ್ನೊಂದು ಕೆಲಸ. ಊರಿನ ಜನರನ್ನು ರೈಲಿನಲ್ಲಿ, ದೋಣಿಯಲ್ಲಿ ಕರೆದುಕೊಂಡು ಹೋಗಿ, ಅಲ್ಲೇ ಊಟ ಹಾಕಿ, ರಾತ್ರಿ ಇರಿಸಿಕೊಂಡು, ನೋಡಿ ಇದು ನಿಮ್ಮದು ಎಂದು ಪವರ್‌ಹೌಸ್ ತೋರಿಸುತ್ತಿದ್ದರು. 1931ರ ಮಾರ್ಚಿನಲ್ಲಿ ಮೇಯರ್ ಫ್ರ್ಯಾಂಕ್ ಎಡ್ವರ್ಡ್ಸ್ ಅವರು ರಾಸ್ ಅವರನ್ನು ಕೆಲಸದಿಂದ ತೆಗೆದುಹಾಕಿದರು. ಊರಿನವರು ಸಹಿ ಸಂಗ್ರಹಿಸಿ, ಜುಲೈಯಲ್ಲಿ ಮತ ಹಾಕಿ ಮೇಯರನ್ನೇ ಕೆಳಗಿಳಿಸಿದರು. ಹೊಸ ಮೇಯರ್ ರಾಸ್ ಅವರನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದರು. ಒಡೆಯರಿಗೆ ಆಸ್ತಿ ತಮ್ಮದೆಂದು ಗೊತ್ತಿದ್ದರೆ ಹೀಗೂ ಆಗುತ್ತದೆ. ಅಭ್ಯರ್ಥಿಗಳು ಬಂದಾಗ, ದರ ಏರಿಸಬೇಕಾದ ವರ್ಷ ಊರಿನವರ ಮುಂದೆ ನಿಂತು ಹೇಗೆ ಮಾತಾಡಿದಿರಿ ಎಂದು ಕೇಳು. ಸಂವಹನ ವಿಭಾಗ ನೋಡಿಕೊಂಡಿತು ಎನ್ನುವವರು ಬೇಡ.

ಹೊರಗಿನಿಂದಲೇ ತರಬೇಕು ಎಂಬ ಹಟವೂ ಬೇಡ. ಟೆನೆಸಿಯ ಚಟನೂಗದ ಇಪಿಬಿ ಸಂಸ್ಥೆ 2010ರಲ್ಲಿ ಇಡೀ ಊರಿಗೆ ಒಂದು ಗಿಗಾಬಿಟ್ ವೇಗದ ಇಂಟರ್‌ನೆಟ್ ಕೊಟ್ಟು ದೇಶದ ಕಣ್ಣು ಸೆಳೆಯಿತು. ಅದರ ಹಿಂದಿದ್ದ ಹೆರಾಲ್ಡ್ ಡಿಪ್ರೀಸ್ಟ್ 1971ರಲ್ಲಿ ಆ ಸಂಸ್ಥೆಗೆ ಸೇರಿದವರು, 1996ರಲ್ಲಿ ಮುಖ್ಯಸ್ಥರಾದರು. 2016ರಲ್ಲಿ ಅವರ ಜಾಗಕ್ಕೆ ಬಂದ ಡೇವಿಡ್ ವೇಡ್ ಕೂಡ ಒಳಗೇ ಬೆಳೆದ ಎಂಜಿನಿಯರ್. ನಿಮ್ಮಲ್ಲಿ ಅಂಥವರು ಇದ್ದಾರೆಯೇ ಎಂದು ಮೊದಲು ನೋಡಿ, ಆಮೇಲೆ ಹುಡುಕಿಕೊಡುವ ಏಜೆನ್ಸಿಗೆ ಹಣ ಕೊಡಿ.

ಸಂದರ್ಶನದಲ್ಲಿ ಕೇಳುವುದಕ್ಕೆ ಒಂದು ಪ್ರಶ್ನೆ ಕೊಡುತ್ತೇನೆ. 2021ರ ಫೆಬ್ರವರಿ 15ರ ಬೆಳಗಿನ ಜಾವ ಎರಡು ಗಂಟೆಯ ಆಸುಪಾಸಿನಲ್ಲಿ, ಹಿಮಗಾಳಿಗೆ ಸಿಕ್ಕ ಟೆಕ್ಸಸ್‌ನ ಗ್ರಿಡ್‌ನ ಆವರ್ತನ 60 ಹರ್ಟ್ಸ್ ಇರಬೇಕಾದದ್ದು 59.4ಕ್ಕಿಂತ ಕೆಳಗಿಳಿದು ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಅಲ್ಲೇ ಇತ್ತು. ಒಂಬತ್ತು ನಿಮಿಷ ಹಾಗೆಯೇ ಇದ್ದಿದ್ದರೆ ಜನರೇಟರುಗಳು ತಾವಾಗಿ ಕಳಚಿಕೊಂಡು ಇಡೀ ಗ್ರಿಡ್ ಕುಸಿಯುತ್ತಿತ್ತು. ಲೋಡ್ ಇಳಿಸಿ ಎಂದು ಊರೂರಿನ ಸಂಸ್ಥೆಗಳಿಗೆ ಆದೇಶ ಹೋಯಿತು. ಆಸ್ಟಿನ್‌ನಲ್ಲಿ ಆಸ್ಪತ್ರೆಯಂಥ ಕಡೆಗೆ ಹೋಗುವ ಸರ್ಕ್ಯೂಟ್‌ಗಳನ್ನು ಮುಟ್ಟುವಂತಿರಲಿಲ್ಲ. ಉಳಿದವನ್ನು ಸರದಿಯ ಮೇಲೆ ಹಾಕಿ ತೆಗೆಯಲು ಎಡೆಯೇ ಉಳಿಯಲಿಲ್ಲ. ಡೌನ್‌ಟೌನ್‌ನ ಖಾಲಿ ಕಟ್ಟಡಗಳಲ್ಲಿ ದೀಪ ಉರಿಯುತ್ತಿತ್ತು, ಮನೆಗಳಲ್ಲಿ ಜನ ದಿನಗಟ್ಟಲೆ ಚಳಿಯಲ್ಲಿ ನಡುಗಿದರು. ಇದನ್ನು ಹೇಳಿ, ‘ಅಂಥದೊಂದು ರಾತ್ರಿ ನಮ್ಮೂರಿಗೆ ಬಂದಿದ್ದರೆ ನೀವು ಏನು ಮಾಡುತ್ತಿದ್ದಿರಿ, ಆ ರಾತ್ರಿಗೆ ಐದು ವರ್ಷ ಮುಂಚೆ ಏನು ಮಾಡುತ್ತಿದ್ದಿರಿ?’ ಎಂದು ಕೇಳು. ಕೆಲಸ ಬಲ್ಲವರು ನಿನಗೇ ತಿರುಗಿ ಪ್ರಶ್ನೆ ಹಾಕುತ್ತಾರೆ: ನಿಮ್ಮಲ್ಲಿ ಎಷ್ಟು ಫೀಡರ್ ಇವೆ, ಆಸ್ಪತ್ರೆ ಯಾವುದರ ಮೇಲಿದೆ, ಒಂದೇ ಫೀಡರಿನಲ್ಲಿ ಆಸ್ಪತ್ರೆಯೂ ಖಾಲಿ ಕಚೇರಿಯೂ ಇದ್ದರೆ ಬೇರ್ಪಡಿಸುವ ಸ್ವಿಚ್ ಇದೆಯೇ? ಹಾಗೆ ಕೇಳಿದವರ ಹೆಸರಿನ ಮುಂದೆ ಗುರುತು ಹಾಕು.

ಅವರು ಹಿಂದೆ ಇದ್ದ ಊರಿಗೆ ಫೋನ್ ಮಾಡುವಾಗ ಅವರೇ ಕೊಟ್ಟ ಹೆಸರುಗಳಿಗೆ ನಿಲ್ಲಬೇಡ. ಅಲ್ಲಿನ ಲೈನ್‌ಮನ್‌ಗಳ ಯೂನಿಯನ್ ಮುಖಂಡರನ್ನು ಕೇಳು, ರಾತ್ರಿ ಪಾಳಿಯ ಕಂಟ್ರೋಲ್ ರೂಮಿನವರನ್ನು ಕೇಳು. ಅಪಘಾತ ಆದಾಗ ಸಾಹೇಬರು ಆಸ್ಪತ್ರೆಗೆ ಬಂದರೇ, ತನಿಖೆಯ ವರದಿಯಲ್ಲಿ ತಪ್ಪು ಯಾರ ತಲೆಗೆ ಕಟ್ಟಿದರು ಎಂಬುದು ಅವರಿಗೆ ಗೊತ್ತಿರುತ್ತದೆ. ಒಂದು ಎಚ್ಚರಿಕೆ: ಕೆಲವು ರಾಜ್ಯಗಳಲ್ಲಿ, ಫ್ಲಾರಿಡಾ ಅವುಗಳಲ್ಲೊಂದು, ಅರ್ಜಿ ಹಾಕಿದವರ ಹೆಸರು ಸಾರ್ವಜನಿಕ ದಾಖಲೆ. ಇರುವ ಕೆಲಸಕ್ಕೆ ಕುತ್ತು ಬರಬಹುದೆಂದು ಒಳ್ಳೆಯವರು ಹಿಂಜರಿಯುತ್ತಾರೆ. ನಿಮ್ಮ ರಾಜ್ಯದ ಕಾನೂನೇನೆಂದು ನಗರದ ವಕೀಲರಿಂದ ತಿಳಿದು, ಅಭ್ಯರ್ಥಿಗಳಿಗೆ ಮೊದಲೇ ನೇರವಾಗಿ ಹೇಳಿಬಿಡಿ.

ಸಂಬಳದ ವಿಷಯದಲ್ಲಿ ನಿನಗೆ ಸಂಕೋಚವಾಗುತ್ತದೆಂದು ಬಲ್ಲೆ. 2024ರಲ್ಲಿ ಲಾಸ್ ಏಂಜಲೀಸ್ ತನ್ನ ನೀರು ಮತ್ತು ವಿದ್ಯುತ್ ಇಲಾಖೆಯ ಹೊಸ ಮುಖ್ಯಸ್ಥರಿಗೆ ವರ್ಷಕ್ಕೆ 7,50,000 ಡಾಲರ್ ಸಂಬಳ ನಿಗದಿ ಮಾಡಿದಾಗ ಊರೆಲ್ಲ ಮಾತಾಡಿತು. ಖಾಸಗಿ ಕಂಪನಿಗಳು ಇನ್ನೂ ಹೆಚ್ಚು ಕೊಡುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ನ್ಯಾಯವಾದ ಸಂಬಳ ಕೊಡಿ, ಬಹಿರಂಗವಾಗಿ ಕೊಡಿ, ಅಷ್ಟಕ್ಕೇ ನಿಲ್ಲಿಸಿ. ಅರ್ಥವಾಗದ ಬೋನಸ್ ಯೋಜನೆ ನಿಮ್ಮ ಮುಂದೆ ಬಂದರೆ, ಅದರಿಂದ ಹೆಚ್ಚೆಂದರೆ ಎಷ್ಟು ಹಣ ಯಾರಿಗೆ ಹೋಗಬಹುದು ಎಂದು ಒಂದೇ ಹಾಳೆಯಲ್ಲಿ ಬರೆದುಕೊಡಿ ಎನ್ನು. ಆ ಹಾಳೆ ಬರುವವರೆಗೆ ಸಹಿ ಹಾಕಬೇಡ.

ಡೇಟಾ ಸೆಂಟರಿನವರು ನಿಮ್ಮೂರಿಗೂ ಬರುತ್ತಿದ್ದಾರೆ ಎಂದೆಯಲ್ಲ. ನಮ್ಮ ಕನ್ನಡದವರು ಅಷ್ಟೊಂದು ಜನ ಇರುವ ಸ್ಯಾಂಟಾ ಕ್ಲಾರಾದಲ್ಲಿ ನಗರದ್ದೇ ಆದ ಸಿಲಿಕಾನ್ ವ್ಯಾಲಿ ಪವರ್ ಮಾರುವ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಡೇಟಾ ಸೆಂಟರುಗಳಿಗೆ. ವರಮಾನ ಒಳ್ಳೆಯದೇ. ಆದರೆ ಹೊಸ ಸಬ್‌ಸ್ಟೇಷನ್ನಿನ ಖರ್ಚು ಯಾರ ಬಿಲ್ಲಿನಲ್ಲಿ ಸೇರುತ್ತದೆ ಎಂಬ ಪ್ರಶ್ನೆಗೆ ನಿಮ್ಮ ಹೊಸ ಮುಖ್ಯಸ್ಥರು ಬಂದ ವರ್ಷವೇ ಉತ್ತರ ಹೇಳಬೇಕಾಗುತ್ತದೆ. ಅಲ್ಲಿಯೇ ಅವರ ಮೊದಲ ‘ಆಗೋದಿಲ್ಲ’ ಬರಬಹುದು. ಮೇಯರ್ ಸಿಟ್ಟಾಗುತ್ತಾರೆ, ಪತ್ರಿಕೆಯವರು ಊರಿನ ಪ್ರಗತಿಗೆ ಅಡ್ಡಗಾಲು ಎಂದು ಬರೆಯುತ್ತಾರೆ, ಬೋರ್ಡಿನ ಸಭೆಯಲ್ಲಿ ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ. ಮುಖ್ಯಸ್ಥರ ಲೆಕ್ಕವನ್ನು ನೀನು ಮುಂಚೆಯೇ ಓದಿಕೊಂಡು ಹೋಗು. ಲೆಕ್ಕ ಸರಿಯಿದ್ದರೆ, ಅವರ ಪರವಾಗಿ ಮೊದಲು ಎತ್ತುವ ಕೈ ನಿನ್ನದಾಗಿರಲಿ.

ನಿನ್ನ ಚಿಕ್ಕಪ್ಪ